ಒಂದು ಬೆಳಗಿನ ಬಿಸಿಲು

“ಗುರುಗಳೇ, ಯೋಗದಿಂದ ಕಾಲು ನೆಲದಲ್ಲಿ ಊರುತ್ತದೆ, ಮನುಷ್ಯ ಪ್ರಕೃತಿಯೊಂದಿಗೆ ಒಂದಾಗುತ್ತಾನೆ ಎಂದು ನೀವೇ ಹೇಳಿದಿರಿ. ಮೂರು ತಿಂಗಳಿಂದ ಬೆಳಗಾಗುತ್ತಲೇ ತೋಪಿಗೆ ಹೋಗಿ ಬರಿಗಾಲಲ್ಲಿ ನಿಲ್ಲುತ್ತಿದ್ದೇನೆ. ಒಮ್ಮೊಮ್ಮೆ ನೆಲ ನನ್ನನ್ನು ಹಿಡಿದುಕೊಂಡಂತೆ ಅನಿಸುತ್ತದೆ. ಅಷ್ಟರಲ್ಲಿ ಸೌದೆ ಆಯುವ ಹೆಂಗಸರು ಮಾತಾಡುತ್ತ ಬರುತ್ತಾರೆ, ಎಲ್ಲ ಕೈತಪ್ಪಿ ಹೋಗುತ್ತದೆ. ಆ ಹೊತ್ತಿಗೆ ಬರಬೇಡಿ ಎಂದು ಅವರಿಗೆ ಹೇಳಿಸಬಹುದೇ?”

ಕೇಳಿದವನು ಚಿದಂಬರ. ಆಶ್ರಮಕ್ಕೆ ಬಂದು ಒಂದು ವರ್ಷವಾಗಿತ್ತು. ಕೆಟ್ಟವನಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಮಾಡುವವನು, ಆಸನದಲ್ಲಿ ಅವನ ಬೆನ್ನು ನೆಟ್ಟಗೆ ನಿಲ್ಲುತ್ತಿತ್ತು. ಗುರುಗಳು ಆಗ ಹಲಸಿನ ಹಣ್ಣು ಬಿಡಿಸುತ್ತಿದ್ದರು. ಪ್ರಶ್ನೆ ಮುಗಿಯುವಷ್ಟರಲ್ಲಿ ಅವರ ಕೈ ನಿಂತಿತ್ತು, ಮುಖ ಕೆಂಪಾಗಿತ್ತು.

“ಕೂತುಕೋ. ನನಗೆ ಸಿಟ್ಟು ಬಂದಿದೆ. ಈಗ ಉತ್ತರ ಕೊಟ್ಟರೆ ಅದು ಬೈಗುಳವಾಗುತ್ತದೆ. ಕತೆ ಹೇಳುತ್ತೇನೆ, ಕೇಳು” ಎಂದರು. ಅವರು ಹೇಳಿದ ಕತೆ ಇದು.

ಕಡಲ ತಡಿಯ ಒಂದು ಊರಿನಲ್ಲಿ ಮೀನು ಒಣಗಿಸುವ ಹೆಂಗಸೊಬ್ಬಳಿದ್ದಳು. ಇಂಥ ಕತೆಗಳಲ್ಲಿ ವ್ಯಾಪಾರಿ ಬರೀ ವ್ಯಾಪಾರಿ, ರೈತ ಬರೀ ರೈತ. ಈ ಹೆಂಗಸಿಗೆ ಮಾತ್ರ ಹೆಸರಿತ್ತು, ಅದನ್ನು ಹೇಳದೆ ಬಿಟ್ಟರೆ ಅನ್ಯಾಯವಾಗುತ್ತದೆ. ಅವಳು ಮಾಸ್ತಮ್ಮ. ಗಂಡ ದೋಣಿಯಲ್ಲಿ ಹೋಗಿ ಮೀನು ಹಿಡಿಯುವವನು, ಇವಳು ಅದನ್ನು ಒಣಗಿಸುವವಳು. ಮನೆಯಲ್ಲಿ ಮುದಿ ಅತ್ತೆ, ಇಬ್ಬರು ಹೆಣ್ಣುಮಕ್ಕಳು. ಒಟ್ಟು ಐದು ಹೊಟ್ಟೆ.

ಮಳೆಗಾಲದಲ್ಲಿ ಆ ಕಡಲು ಯಾರ ಮಾತೂ ಕೇಳುವುದಿಲ್ಲ. ದೋಣಿಗಳನ್ನು ದಂಡೆಯ ಮೇಲೆಳೆದು ತೆಂಗಿನ ಗರಿಯ ಮಡಲು ಮುಚ್ಚಿ ಕಟ್ಟಿದರೆ ಮತ್ತೆ ನೀರಿಗಿಳಿಸುವುದು ಶ್ರಾವಣದ ನೂಲ ಹುಣ್ಣಿಮೆಗೆ, ಕಡಲಿಗೆ ಕಾಯಿ ಕೊಟ್ಟ ಮೇಲೆ. ಅಲ್ಲಿಯವರೆಗೆ ಮನೆಗೆ ಅಕ್ಕಿ ಬರುವುದು ಒಣಮೀನಿನಿಂದ. ಮಾಸ್ತಮ್ಮ ಬುಟ್ಟಿ ಹೊತ್ತು ಘಟ್ಟದ ಬುಡದ ಊರುಗಳಿಗೆ ಹೋಗುತ್ತಿದ್ದಳು. ಅವಳ ಅತ್ತೆ ಹೋಗುತ್ತಿದ್ದ ಮನೆಗಳೇ ಅವು. ಅಲ್ಲಿಯ ಗೃಹಿಣಿಯರು ಬುಟ್ಟಿಯಿಂದ ಒಂದು ಮೀನು ತೆಗೆದು ಬೆರಳಲ್ಲಿ ಮುರಿದು ನೋಡುತ್ತಿದ್ದರು. ಟಕ್ಕೆಂದು ಮುರಿದರೆ ಮೀನಿಗೆ ಬದಲು ಅಕ್ಕಿ. ಮುರಿಯದೆ ಬಾಗಿದರೆ ಬುಟ್ಟಿ ಹೊತ್ತುಕೊಂಡು ಬಂದ ದಾರಿಯಲ್ಲೇ ವಾಪಸ್ಸು. ತೇವ ಉಳಿದ ಮೀನಿಗೆ ಮಳೆಗಾಲದಲ್ಲಿ ನಾಲ್ಕು ದಿನಕ್ಕೆ ಹುಳ ಬೀಳುತ್ತದೆ, ಅದನ್ನು ಯಾರು ತಾನೆ ಒಳಗೆ ಇಟ್ಟುಕೊಂಡಾರು?

ಹಾಗಾಗಿ ಮೀನು ಹಿಡಿಯುವುದಕ್ಕಿಂತ ಒಣಗಿಸುವುದು ಸಣ್ಣ ಕೆಲಸವಲ್ಲ. ಊರಿನ ದಂಡೆಯಲ್ಲಿ ಒಂದೊಂದು ಮನೆಗೆ ಒಂದೊಂದು ತುಂಡು ಮರಳು. ಅದಕ್ಕೆ ಬೇಲಿಯಿಲ್ಲ, ಕಲ್ಲು ನೆಟ್ಟಿಲ್ಲ. ಆದರೂ ಯಾರ ಮರಳು ಯಾರದೆಂದು ಎಲ್ಲರಿಗೂ ಗೊತ್ತು. ಚಪ್ಪಲಿ ಹಾಕಿಕೊಂಡು ಅದರ ಮೇಲೆ ಯಾರೂ ದಾಟುವುದಿಲ್ಲ. ಹರಡುವ ಮೊದಲು ಒಂದು ಹಿಡಿ ಮೀನನ್ನು ಕಾಗೆಗಳಿಗೆಂದು ದೂರ ಎಸೆಯುತ್ತಾರೆ. ಅದಕ್ಕೂ ಮೊದಲು ಇನ್ನೊಂದು ಕೆಲಸವುಂಟು. ಬರಿಗಾಲನ್ನು ಮರಳಿನ ಮೇಲೆ ಒತ್ತಿ ಸುಮ್ಮನೆ ನಿಲ್ಲುವುದು. ಮೇಲೆ ಬೆಚ್ಚಗಿದ್ದರೆ ಸಾಲದು, ಒಳಗಿನ ಇಬ್ಬನಿಯ ತಂಪೂ ಹೋಗಿರಬೇಕು. ಅವಸರಪಟ್ಟು ಹರಡಿದರೆ ಮೀನು ಮೇಲೆ ಒಣಗಿ ಕೆಳಗೆ ಬೆವರುತ್ತದೆ. ಮಾಸ್ತಮ್ಮ ಕಣ್ಣು ಮುಚ್ಚಿ, ಮೈಭಾರವನ್ನೆಲ್ಲ ಒಂದು ಪಾದಕ್ಕೆ ಬಿಟ್ಟು, ಐದಾರು ಉಸಿರು ನಿಂತು, ಆಮೇಲೆ ಇನ್ನೊಂದು ಪಾದಕ್ಕೆ ಬದಲಾಯಿಸುತ್ತಿದ್ದಳು. ಅವಳ ಹಿಮ್ಮಡಿ ಮೋಸ ಹೋದದ್ದನ್ನು ಊರಲ್ಲಿ ಯಾರೂ ಕಂಡಿರಲಿಲ್ಲ.

ಯುಗಾದಿ ಕಳೆದು ಮೂರು ವಾರವಾದಾಗ ಆ ಊರಿಗೆ ಒಬ್ಬ ವ್ಯಾಪಾರಿ ಬಂದ. ಪಟ್ಟಣದಲ್ಲಿ ಅವನದು ಮೂರಂತಸ್ತಿನ ಅಂಗಡಿ. ನಿದ್ದೆ ಹೋಗಿತ್ತು. ತಲೆ ಸದಾ ಗಾಳಿಯಲ್ಲಿ ತೇಲಿದಂತೆ, ಕಾಲು ನೆಲಕ್ಕೆ ತಾಗದಂತೆ ಆಗುತ್ತಿತ್ತು. ವೈದ್ಯರಿಂದ ಗುಣ ಕಾಣದೆ ಒಬ್ಬ ಯೋಗಪಟುವಿನ ಹತ್ತಿರ ಹೋಗಿದ್ದ. ಪ್ರಕೃತಿಯ ಮಡಿಲಲ್ಲಿ ಒಂದು ಮಂಡಲ, ಅಂದರೆ ನಲವತ್ತೆಂಟು ದಿನ, ತಪ್ಪದೆ ಬರಿಗಾಲಲ್ಲಿ ಆಸನ ಪ್ರಾಣಾಯಾಮ ಮಾಡು, ನೆಲ ನಿನ್ನನ್ನು ಹಿಡಿದುಕೊಳ್ಳುತ್ತದೆ ಎಂದು ಅವನು ಹೇಳಿಕೊಟ್ಟಿದ್ದ. ಹೇಳಿಕೊಟ್ಟದ್ದರಲ್ಲಿ ತಪ್ಪಿಲ್ಲ. ವ್ಯಾಪಾರಿ ಪ್ರಕೃತಿಯನ್ನು ಹುಡುಕಿ ಹೊರಟ. ಬೆಟ್ಟಕ್ಕೆ ಹೋದರೆ ಅಲ್ಲಿ ರಕ್ತ ಹೀರುವ ಉಂಬಳ. ಹೊಳೆಯ ದಂಡೆಯಲ್ಲಿ ಸೊಳ್ಳೆ. ಗದ್ದೆಯ ಬಯಲಲ್ಲಿ ಸಗಣಿ. ಕೊನೆಗೆ ಕಡಲು ಅವನ ಮನಸ್ಸಿಗೆ ಬಂತು. ಮಾಸ್ತಮ್ಮನ ಮರಳಿನಿಂದ ನೀರಿನ ಕಡೆಗೆ ಮೂವತ್ತು ಹೆಜ್ಜೆ ದೂರದಲ್ಲಿ ಒಂದು ಗುಡಿಸಲು ಹಾಕಿಸಿದ. ಅಡುಗೆಗೆ, ಕಾವಲಿಗೆ ಒಬ್ಬ ಆಳನ್ನು ಇಟ್ಟುಕೊಂಡ.

ಮೊದಲ ದಿನಗಳಲ್ಲಿ ಮಾಸ್ತಮ್ಮನಿಗೆ ಅವನ ಮೇಲೆ ಕನಿಕರವೇ ಇತ್ತು. ಇಷ್ಟು ಉಂಡು ತಿಂದವನಿಗೆ ಕಣ್ಣಿಗೆ ನಿದ್ದೆ ಹತ್ತುವುದಿಲ್ಲವಲ್ಲ ಎಂದು ಮನೆಯಲ್ಲಿ ಆಡಿಕೊಂಡಳು. ಒಂದು ಬೆಳಿಗ್ಗೆ ಅವಳು ಮರಳಿಗೆ ಪಾದ ಒತ್ತಿ ನಿಂತಿದ್ದಾಗ ವ್ಯಾಪಾರಿ ಅವಳನ್ನು ಕಂಡ. ಸದ್ದು ಮಾಡದೆ ಹತ್ತಿರ ಬಂದು, ಅವಳು ಕಣ್ಣು ತೆರೆಯುವವರೆಗೆ ಕೈಕಟ್ಟಿ ಕಾದ.

“ಅಮ್ಮಾ, ಈ ಆಸನ ನಿನಗೆ ಯಾರು ಕಲಿಸಿದರು?”

“ಆಸ್ನ ಎಂತದು ಒಡೆಯಾ? ಹೊಯ್ಗೆ ಕಾದಿದ್ಯಾ ಇಲ್ವಾ ನೋಡ್ತೆ ಇದ್ದೆ. ನಮ್ಮತ್ತೆ ಹೇಳ್ಕೊಟ್ಟದ್ದು.”

ವ್ಯಾಪಾರಿಗೆ ಮೈ ಜುಮ್ಮೆಂದಿತು. ಅವನ ಕಣ್ಣಿಗೆ ಅವಳು ತಲೆತಲಾಂತರದ ಸಾಧನೆಯ ಕೊನೆಯ ಕೊಂಡಿಯಾಗಿ ಕಂಡಳು. ನೀನು ಪುಣ್ಯವಂತೆ, ನೀನೇ ನನಗೆ ಗುರು ಎಂದು ಕೈಮುಗಿದ. ಮಾರನೆಯ ದಿನದಿಂದ ಅವನೂ ಹಾಗೆಯೇ ಕಣ್ಣು ಮುಚ್ಚಿ ಒಂದು ಪಾದದಿಂದ ಇನ್ನೊಂದಕ್ಕೆ ಭಾರ ಬದಲಾಯಿಸಿ ನಿಲ್ಲತೊಡಗಿದ. ಹೆಣ್ಣುಮಕ್ಕಳಿಬ್ಬರೂ ಕೈ ಬಾಯಿಗೆ ಒತ್ತಿ ನಕ್ಕರು. ಮಾಸ್ತಮ್ಮನೂ ನಕ್ಕಳು. ನಗುವುದಕ್ಕೆ ಸಿಕ್ಕ ದಿನಗಳು ಅಷ್ಟೇ.

ಬೆಳಗಿನ ಹೊತ್ತು ಆ ದಂಡೆಯಲ್ಲಿ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ವ್ಯಾಪಾರಿ ನೀರಿನ ಅಂಚಿನಲ್ಲಿ ಕೂತು ದೀರ್ಘವಾಗಿ ಉಸಿರು ಎಳೆದರೆ ಮೂಗಿಗೆ ಬರುತ್ತಿದ್ದುದು ಮಾಸ್ತಮ್ಮನ ಮೀನು. ಒಂದು ವಾರ ಸಹಿಸಿದ. ಹತ್ತನೆಯ ದಿನ ಆಳನ್ನು ಕರೆದು, ಪ್ರಾಣಾಯಾಮಕ್ಕೆ ಅಡ್ಡಿಯಾಗುತ್ತಿದೆ ಎಂದ. ಹನ್ನೆರಡನೆಯ ದಿನ ಊರ ಯಜಮಾನನ ಮನೆಗೆ ತಾನೇ ಹೋಗಿ, ಅಮ್ಮನವರ ಗುಡಿಗೆ ಹೊಸ ಹೆಂಚಿನ ಮಾಡು ಹಾಕಿಸಿಕೊಡುತ್ತೇನೆ ಎಂದು ಮಾತು ಕೊಟ್ಟು ಬಂದ. ಅಂದು ಸಂಜೆ ಯಜಮಾನನ ಅಪ್ಪಣೆಯಾಯಿತು. ವ್ಯಾಪಾರಿಯ ಮಂಡಲ ಮುಗಿಯುವವರೆಗೆ ಗುಡಿಸಲ ಎದುರಿನ ಆ ಒಂದು ತುಂಡು ಮರಳಿನಲ್ಲಿ ಮಧ್ಯಾಹ್ನದವರೆಗೆ ಮೀನು ಹರಡಬಾರದು. ಮಧ್ಯಾಹ್ನದ ಮೇಲೆ ಎಷ್ಟು ಬೇಕಾದರೂ ಹರಡಿಕೊಳ್ಳಲಿ.

ಎಂಥ ಔದಾರ್ಯ! ಬಿಸಿಲನ್ನು ಎರಡು ಭಾಗ ಮಾಡಿ, ಕಾಯುವ ಭಾಗವನ್ನು ತಾವಿಟ್ಟುಕೊಂಡು ಇಳಿಯುವ ಭಾಗವನ್ನು ಅವಳಿಗೆ ಕೊಟ್ಟರು. ಬೆಳಗಿನಿಂದ ಮೇಲಿನ ಬಿಸಿಲೂ ಕೆಳಗಿನ ಮರಳೂ ಕೂಡಿ ಒಣಗಿಸಬೇಕು ಎಂಬುದು ಯಜಮಾನನಿಗೆ ಗೊತ್ತಿರಲಿಲ್ಲವೇ? ಅವನ ಹೆಂಡತಿಯೂ ಮೀನು ಒಣಗಿಸುವವಳೇ. ಗೊತ್ತಿತ್ತು. ಗೊತ್ತಿದ್ದೂ ಹೇಳಿದ.

ಮಾಸ್ತಮ್ಮ ಆಗ ಜಗಳಕ್ಕೆ ಹೋಗಲಿಲ್ಲ. ಬೇಸಿಗೆ ಇನ್ನೂ ಉಂಟು, ಒಂದೂವರೆ ದಿನದಲ್ಲಿ ಒಣಗುವ ಮೀನಿಗೆ ನಾಲ್ಕು ದಿನ ಹಿಡಿದೀತು, ಹೇಗೋ ಸುಧಾರಿಸಿಕೊಳ್ಳೋಣ ಎಂದುಕೊಂಡಳು. ಸುಧಾರಿಸಿಕೊಂಡಳು ಕೂಡ. ಅಂದಂದಿನ ಮೀನು ಅಂದಂದಿನ ಅಕ್ಕಿಗೆ ಸರಿಹೋಯಿತು. ಮಳೆಗಾಲಕ್ಕೆಂದು ಕೂಡಿಡುವುದು ಮಾತ್ರ ಒಂದು ಬುಟ್ಟಿಯೂ ಆಗಲಿಲ್ಲ. ಅಷ್ಟು ಹೊತ್ತಿಗೆ ಮಧ್ಯಾಹ್ನದ ಮೇಲೆ ಪಡುವಣದಲ್ಲಿ ಮೋಡ ಕಾಣಿಸಿಕೊಳ್ಳತೊಡಗಿತು. ಬೆಳಿಗ್ಗೆ ಆಕಾಶ ತೊಳೆದಿಟ್ಟಂತೆ ಇರುವುದು, ಅವಳ ಸರದಿ ಬರುವಾಗ ಬಿಸಿಲು ಮಂಕಾಗುವುದು.

ಮಂಡಲದ ಮೂವತ್ತೇಳನೆಯ ದಿನ ದೋಣಿಗಳಿಗೆ ಬೆಳಂಜಿಯ ದೊಡ್ಡ ಹಿಂಡು ಸಿಕ್ಕಿತು. ಬೆರಳುದ್ದದ ಬಿಳಿ ಮೀನು, ಒಣಗಿಸುವುದಕ್ಕೆ ಅದರಂಥದು ಇನ್ನೊಂದಿಲ್ಲ. ಕಡಲು ಏಳತೊಡಗಿತ್ತು. ಇದೇ ಕೊನೆಯ ಬಲೆ ಎಂದು ಎಲ್ಲರೂ ತಿಳಿದರು. ಮಾಸ್ತಮ್ಮನ ಪಾಲಿಗೆ ಆರು ಬುಟ್ಟಿ ಬಂತು. ಆರು ಬುಟ್ಟಿ ಒಣಗಿದರೆ ನೂಲ ಹುಣ್ಣಿಮೆಯವರೆಗೆ ಐದು ಜನಕ್ಕೆ ಗಂಜಿಗೆ ಕೊರತೆಯಿಲ್ಲ. ಒಣಗದಿದ್ದರೆ ಮನೆಯಲ್ಲಿ ಬೇರೆ ಏನೂ ಇಲ್ಲ.

ಅಂದು ಮಧ್ಯಾಹ್ನದ ಮೇಲೆ ಹರಡಿದಳು, ಸಂಜೆಗೆ ಬಾಚಿದಳು. ಮಾರನೆಯ ದಿನವೂ ಅಷ್ಟೇ. ಬೆಳಗಿನ ಹೊತ್ತು ಕೈಕಟ್ಟಿ ಕೂರಲಿಲ್ಲ. ನೆರೆಯವರ ಮರಳಿನಲ್ಲಿ ಮೂಲೆ ಕೇಳಿದಳು, ಎಲ್ಲರಿಗೂ ಹಿಂಡು ಸಿಕ್ಕಿತ್ತು, ಎಲ್ಲರ ಮರಳೂ ತುಂಬಿತ್ತು. ಆದರೂ ಒಬ್ಬಳು ಮೊರದಗಲ ಜಾಗ ಬಿಟ್ಟುಕೊಟ್ಟಳು. ಅಂಗಳದಲ್ಲಿ ತೆಂಗಿನ ನೆರಳು. ಬಂಡೆಗಳ ಮೇಲೆ ಅಲೆಯ ಹನಿ. ಮನೆಯ ಮಾಡಿನ ಮೇಲೆ ಹರಡಿದ್ದನ್ನು ಹದ್ದುಗಳು ಉಳಿಸಲಿಲ್ಲ. ಮೂರನೆಯ ಬೆಳಿಗ್ಗೆ ಬುಟ್ಟಿಯಿಂದ ಒಂದು ಮೀನು ತೆಗೆದು ಬೆರಳಲ್ಲಿ ಹಿಡಿದಳು. ಮುರಿಯಲಿಲ್ಲ, ಬಾಗಿತು. ಆದರೆ ಸ್ವಲ್ಪವೇ ಬಾಗಿತು. ಇನ್ನು ಒಂದು ಬೆಳಗಿನ ಬಿಸಿಲು ಸಾಕು. ಆಕಾಶ ನೋಡಿದಳು, ನಿರ್ಮಲವಾಗಿತ್ತು. ಕಡಲ ಕಡೆ ನೋಡಿದಳು, ನೀರಿನ ಬಣ್ಣ ತಿರುಗಿತ್ತು. ರೋಹಿಣಿ ಮಳೆ ಇನ್ನು ಕಾಯುವುದಿಲ್ಲ ಎಂದು ಅವಳಿಗೆ ಗೊತ್ತಾಯಿತು.

ಅವಳು ನೇರ ಗುಡಿಸಲ ಮುಂದೆ ಹೋಗಿ ನಿಂತಳು. ವ್ಯಾಪಾರಿ ಆಗ ತಾನೇ ಮೈ ಒರೆಸಿಕೊಂಡು ಹೊರಗೆ ಬಂದಿದ್ದ.

“ಒಡೆಯಾ, ಇವತ್ತೊಂದು ಬೆಳಗು ನಂಗೆ ಬಿಟ್ಕೊಡಿ. ಮಧ್ಯಾಹ್ನದ ಮೇಲೆ ಮಳೆ ಬರೂದು ಹೌದು. ಆರು ಬುಟ್ಟಿ ಮೀನು ಒಡೆಯಾ, ಮಳೆಗಾಲದ ಅನ್ನ ನಮ್ದು. ಮಧ್ಯಾಹ್ನದ ಒಳಗೆ ಬಾಚ್ಕಂಡ್ ಹೋಗ್ತೆ. ಆಮೇಲೆ ಇಡೀ ಹೊಯ್ಗೆ ನಿಮ್ದೇ ಮಾಡ್ಕಳಿ.”

ವ್ಯಾಪಾರಿ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಅವಳೂ ನಾಲ್ಕು ಮಾತು ಆಡುತ್ತಿದ್ದಳು. ಅವನು ಎರಡೂ ಕೈ ಮುಗಿದು, ಬಹಳ ಮೆತ್ತಗೆ ಹೇಳಿದ.

“ಅಮ್ಮಾ, ಇವತ್ತು ಮಂಡಲದ ಮೂವತ್ತೊಂಬತ್ತನೆಯ ದಿನ. ಒಂದು ದಿನ ತಪ್ಪಿದರೆ ಮೊದಲಿನಿಂದ ಶುರುಮಾಡಬೇಕು. ಪ್ರಕೃತಿಯ ಜೊತೆ ನನಗೆ ಈಗೀಗ ಒಂದು ಎಳೆ ಕೂಡುತ್ತಿದೆ. ನೀನು ಪ್ರಕೃತಿಯ ಮಗಳು, ನಿನಗೆ ಅರ್ಥವಾಗುತ್ತದೆ.”

ಅರ್ಥವಾಗುತ್ತದಂತೆ! ಅವನ ಮಾತು ಕೇಳಿ ಮಾಸ್ತಮ್ಮನಿಗೆ ಮೈಯೆಲ್ಲ ಉರಿಯಿತು. ಪ್ರಕೃತಿ ಎಂದರೆ ಯಾರೆಂದು ಅವಳಿಗೆ ತಿಳಿಯದು. ಬಿಸಿಲು ಗೊತ್ತು, ಗಾಳಿ ಗೊತ್ತು, ಮರಳು ಗೊತ್ತು, ಬೆಳಂಜಿ ಗೊತ್ತು. ಅವುಗಳ ಜೊತೆ ಅವಳಿಗೆ ದಿನ ಬೆಳಗಾದರೆ ಕೆಲಸ. ಇವನು ಅವೆಲ್ಲದರಿಂದ ಅವಳನ್ನು ಆಚೆ ನಿಲ್ಲಿಸಿ, ಅವಳನ್ನೇ ಮಗಳೆಂದು ಹೊಗಳುತ್ತಿದ್ದಾನೆ. ಅವಳು ಅಲ್ಲಿಂದ ತಿರುಗಿ ಹೊರಟಳು. ಬುಟ್ಟಿ ತಂದು ತನ್ನ ಮರಳಿನ ಮೇಲೆ ಕವುಚಿದಳು. ಎರಡನೆಯ ಬುಟ್ಟಿಗೆ ಕೈ ಹಾಕುವಷ್ಟರಲ್ಲಿ ಆಳು ಬಂದ. ಅವನೂ ಒರಟನಲ್ಲ. ಕವುಚಿದ ಮೀನನ್ನು ಒಂದೂ ಬಿಡದೆ ಆಯ್ದು, ಮರಳು ಕೊಡವಿ, ಬುಟ್ಟಿಗೆ ತುಂಬಿ, ಆರೂ ಬುಟ್ಟಿಗಳನ್ನು ಹೊತ್ತು ತೆಂಗಿನ ಬುಡದ ನೆರಳಿನಲ್ಲಿ ಸಾಲಾಗಿ ಇಟ್ಟ. ಯಜಮಾನರ ಮಾತು ನಿನಗೂ ಗೊತ್ತಲ್ಲ ಎಂದ. ಬುಟ್ಟಿಗಳ ಮುಂದೆ ಕೂತ. ಮಾಸ್ತಮ್ಮನ ಗಂಡ ದೋಣಿಗೆ ಮಡಲು ಕಟ್ಟುತ್ತಿದ್ದವನು ಓಡಿ ಬಂದ, ಯಜಮಾನನ ಮನೆಗೂ ಹೋದ. ಯಜಮಾನ ಗುಡಿಯ ಮಾಡಿಗೆ ಮರ ನೋಡಲು ಹೋಗಿದ್ದಾರೆ ಎಂದರು.

ಆ ಬೆಳಿಗ್ಗೆಯ ಬಿಸಿಲನ್ನು ಮಾಸ್ತಮ್ಮ ಪೂರ್ತಿ ಕಂಡಳು. ತನ್ನ ಮರಳಿನ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಅಂಗೈಯನ್ನು ನೆಲಕ್ಕೆ ಇಟ್ಟಿದ್ದಳು. ಮರಳು ಕಾಯಿತು. ಸುಡುವಷ್ಟು ಕಾಯಿತು. ಇಷ್ಟು ಹೊತ್ತಿಗೆ ಮೊದಲ ಸಲ ಮಗುಚಬೇಕಿತ್ತು ಎಂದುಕೊಂಡಳು. ಇಷ್ಟು ಹೊತ್ತಿಗೆ ಎರಡನೆಯ ಸಲ. ಈಗ ಬಾಚಬಹುದಿತ್ತು. ಆಚೆ ವ್ಯಾಪಾರಿ ಒಂದು ಕಾಲ ಮೇಲೆ ನಿಂತಿದ್ದ, ಬಗ್ಗಿದ, ಎದ್ದ, ಅಂಗಾತ ಮಲಗಿ ಕೈಕಾಲು ಸಡಿಲ ಬಿಟ್ಟ. ಎಲ್ಲವನ್ನೂ ಕ್ರಮವಾಗಿ ಮಾಡಿದ. ಅವಳು ಜೀವಮಾನದಲ್ಲಿ ಯಾರಿಗೂ ಹಾಕದ ಶಾಪವನ್ನು ಅಂದು ಬಾಯಿಯವರೆಗೆ ತಂದು ನುಂಗಿದಳು. ನುಂಗಬಾರದಿತ್ತು.

ನೆತ್ತಿಯ ಮೇಲೆ ಸೂರ್ಯ ಬಂದಾಗ ಆಳು ಎದ್ದು ದಾರಿ ಬಿಟ್ಟ. ತಾಯಿ ಮಕ್ಕಳು ಮೂವರೂ ಓಡಿ ಆರು ಬುಟ್ಟಿ ಹರಡಿದರು. ಹರಡಿ ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಪಡುವಣ ಕಪ್ಪಾಗಿತ್ತು. ಗಾಳಿ ಒಮ್ಮೆಲೇ ತಿರುಗಿ ಕಡಲ ಕಡೆಯಿಂದ ಬಂತು. ಬಾಚಿ ಬಾಚಿ ಎಂದು ಮಾಸ್ತಮ್ಮ ಕೂಗಿದಳು. ಎರಡು ಬುಟ್ಟಿ ತುಂಬುವ ಮೊದಲೇ ದಪ್ಪ ಹನಿ ಬಿತ್ತು, ಹಿಂದೆಯೇ ಮಳೆ ಧಾರೆಯಾಗಿ ಇಳಿಯಿತು. ಮುಚ್ಚಲು ತಂದ ಮಡಲನ್ನು ಗಾಳಿ ಕಿತ್ತುಕೊಂಡು ಹೋಯಿತು. ಮೀನು ಮರಳಿಗೆ ಅಂಟಿತು, ಮರಳು ಮೀನಿಗೆ ಅಂಟಿತು. ಹೆಣ್ಣುಮಕ್ಕಳು ಅಳುತ್ತಲೇ ಲಂಗದ ಮಡಿಲಿಗೆ ತುಂಬಿಕೊಳ್ಳುತ್ತಿದ್ದರು. ಮಾಸ್ತಮ್ಮ ಅಳಲಿಲ್ಲ. ಮಂಡಿಯೂರಿ ಎರಡೂ ಕೈಗಳಿಂದ ಬಾಚುತ್ತಿದ್ದಳು. ಇನ್ನು ಅದು ಒಣಗುವುದಿಲ್ಲ, ಹುಳ ಬೀಳುತ್ತದೆ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಕೈ ನಿಲ್ಲಲಿಲ್ಲ.

ಆಗ ವ್ಯಾಪಾರಿ ಗುಡಿಸಲಿನಿಂದ ಹೊರಗೆ ಬಂದ. ವರ್ಷದ ಮೊದಲ ಮಳೆ. ಅಂಗಿ ಕಳಚಿ ಎಸೆದ. ತೋಳು ಚಾಚಿ, ಮುಖ ಮೇಲೆ ಮಾಡಿ, ಮಳೆಗೆ ಎದೆ ಕೊಟ್ಟು ನಡೆದು ಬಂದ. ನಡೆಯುತ್ತ ನಡೆಯುತ್ತ ಒಂದು ಕಡೆ ನಿಂತುಬಿಟ್ಟ. ಅವನ ಪಾದ ಹಸಿ ಮರಳಿನಲ್ಲಿ ಗಿಣ್ಣಿನವರೆಗೆ ಹೂತಿತು. ಮುಚ್ಚಿದ ಕಣ್ಣುಗಳಿಂದ ನೀರು ಸುರಿಯಿತು.

“ತಾಯೀ, ಸಿಕ್ಕಿತು! ನೆಲ ನನ್ನನ್ನು ಹಿಡಿದುಕೊಂಡಿತು! ಈ ಮಳೆ, ಈ ಮಣ್ಣು, ನಾನು ಬೇರೆ ಬೇರೆಯಲ್ಲ. ಪಾದದ ಕೆಳಗೆ ಏನೋ ಜೀವ ಮಿಡಿಯುತ್ತಿದೆ!”

ಮಾಸ್ತಮ್ಮ ತಲೆಯೆತ್ತಿದಳು.

“ಕಾಲು ತೆಗೀರಿ ಒಡೆಯಾ. ಮೀನಿನ ಮೇಲೆ ನಿಂತ್ಕಂಡಿರಿ.”

ವ್ಯಾಪಾರಿ ಕಣ್ಣು ತೆರೆದು ಕೆಳಗೆ ನೋಡಿದ. ಪಾಪ ಎಂದ. ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಮತ್ತೆ ಕಣ್ಣು ಮುಚ್ಚಿದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಹಲಸಿನ ತೊಳೆಗಳಿಗೆ ನೊಣ ಮುತ್ತಿದ್ದವು, ಅವರು ಓಡಿಸಲಿಲ್ಲ. ಚಿದಂಬರ ಮುಂದಕ್ಕೆ ಬಾಗಿ ಕೂತಿದ್ದ. ಅವನ ಕಣ್ಣು ಹೊಳೆಯುತ್ತಿತ್ತು, ಉಸಿರು ಮೇಲೆ ಬಂದಿತ್ತು. ಕತೆ ಮುಂದುವರಿಯುತ್ತದೆಂದು ಸ್ವಲ್ಪ ಹೊತ್ತು ಕಾದ. ಆಮೇಲೆ ತಡೆಯಲಾರದೆ ಕೇಳಿದ.

“ಆ ಅನುಭವ ವ್ಯಾಪಾರಿಗೆ ಕೊನೆಯವರೆಗೂ ಉಳಿಯಿತೇ, ಗುರುಗಳೇ? ಮಂಡಲ ಪೂರ್ತಿಯಾಯಿತೇ?”

ಗುರುಗಳು ಅವನ ಮುಖವನ್ನೇ ನೋಡಿದರು.

“ಆ ಮಳೆಗಾಲ ಮಾಸ್ತಮ್ಮನ ಮಕ್ಕಳು ಏನು ಉಂಡರು ಎಂದು ಕೇಳುತ್ತೀಯೇನೋ ಎಂದು ಇಷ್ಟು ಹೊತ್ತು ಕಾದೆ” ಎಂದರು.